ಜಪಾನಿನ ಹಳೆಯ ಪೀಠೋಪಕರಣ, ಅಲಂಕಾರ ವಸ್ತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಹಳೆಯ ವಸ್ತುಗಳನ್ನು ಕೊಂಡು ಮಾರುವ ನನ್ನಂಥವರಿಗೆ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಇದು ಅಸಲಿಯೇ?" ಎಂಬುದು. ನಾನು ಅದಕ್ಕಿಂತ ಮುಂಚೆ ಕೇಳಿಕೊಳ್ಳುವ ಪ್ರಶ್ನೆ ಇನ್ನೊಂದಿದೆ: ಇದನ್ನು ಯಾವ ಕೆಲಸಕ್ಕೆಂದು ಮಾಡಿದ್ದರು? ಅದಕ್ಕೆ ಉತ್ತರ ಸಿಕ್ಕರೆ ಮರ, ಕಬ್ಬಿಣ, ಸವೆತ, ಬೆಲೆ ಎಲ್ಲವನ್ನೂ ಅದರ ಬೆಳಕಿನಲ್ಲಿ ನೋಡಬಹುದು. ಕೆಳಗಿನ ಉತ್ತರಗಳನ್ನೂ ಹಾಗೆಯೇ ಬರೆದಿದ್ದೇನೆ.

ತನ್ಸು ಎಂದರೇನು? ಎಲ್ಲ ತನ್ಸುಗಳೂ ಒಂದೇ ಬಗೆಯವೇ?

ಡ್ರಾಯರ್, ಬಾಗಿಲು, ಖಾನೆಗಳಿರುವ ಜಪಾನಿನ ಸಾಂಪ್ರದಾಯಿಕ ಮರದ ಬೀರುವೇ ತನ್ಸು. ಇದರಲ್ಲಿ ಹತ್ತಾರು ಬಗೆಗಳಿವೆ. ಬಟ್ಟೆ ಇಡಲು ಇಶೋ-ದನ್ಸು, ಅಡುಗೆಮನೆಗೆ ಮಿಜುಯಾ, ಅಂಗಡಿಯ ಲೆಕ್ಕಪುಸ್ತಕ ಮತ್ತು ಹಣಕ್ಕೆ ಚೋಬಾ-ದನ್ಸು, ಔಷಧ ಅಂಗಡಿಗೆ ಸಣ್ಣ ಸಣ್ಣ ಡ್ರಾಯರ್‌ಗಳ ಕುಸುರಿ-ದನ್ಸು, ಹಡಗಿನ ಯಜಮಾನನಿಗೆ ಫುನಾ-ದನ್ಸು, ಮಹಡಿ ಹತ್ತಲು ಕೈದಾನ್-ದನ್ಸು.

ಕೆಲಸಕ್ಕೆ ತಕ್ಕಂತೆ ಮರವೂ ಬದಲಾಗುತ್ತಿತ್ತು. ರೇಷ್ಮೆಯ ಕಿಮೋನೋ ಇಡುವ ಬೀರುವಿಗೆ ಕಿರಿ ಮರ ಬೇಕು. ಅದು ಹಗುರ. ಮಳೆಗಾಲದಲ್ಲಿ ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಒಣಹವೆಯಲ್ಲಿ ಮತ್ತೆ ಸಡಿಲವಾಗುತ್ತದೆ. ಹೆಣ್ಣುಮಗು ಹುಟ್ಟಿದಾಗ ಕಿರಿ ಸಸಿ ನೆಟ್ಟು, ಮದುವೆಯ ಹೊತ್ತಿಗೆ ಅದನ್ನೇ ಕಡಿದು ಬೀರು ಮಾಡಿಸಿಕೊಡುವ ವಾಡಿಕೆಯಿತ್ತು. ಅಷ್ಟು ಬೇಗ ಬೆಳೆಯುವ ಮರ ಅದು. ಗಟ್ಟಿತನ ಮತ್ತು ಅಂದ ಎರಡೂ ಬೇಕಾದಲ್ಲಿ ಕೆಯಾಕಿ ಬಳಸುತ್ತಿದ್ದರು. ಅದರ ದೊಡ್ಡ ಅಲೆಗಳ ನಾರಿನ ವಿನ್ಯಾಸವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎದುರಿಗೆ ಕೆಯಾಕಿ, ಒಳಗೆ ಮತ್ತು ಹಿಂದೆ ಸುಗಿ ಎಂಬ ಅಗ್ಗದ ಮೆದು ಮರ, ಇದು ಅನೇಕ ಬೀರುಗಳ ಲೆಕ್ಕಾಚಾರ. ಹಿಂಭಾಗದಲ್ಲಿ ಬೇರೆ ಮರ ಕಂಡರೆ ಮೋಸವೆಂದು ಭಾವಿಸಬೇಡಿ.

ಊರಿನ ಗುರುತೂ ಇರುತ್ತದೆ. ಸೆಂದಾಯ್ ಬೀರುಗಳಲ್ಲಿ ಉರುಶಿ ಎಂಬ ಮರದ ಹಾಲಿನ ಲೇಪವಿರುವ ಕೆಯಾಕಿಯ ಮೇಲೆ ಸಿಂಹ, ಡ್ರ್ಯಾಗನ್, ಪಿಯೋನಿ ಹೂವಿನ ಉಬ್ಬು ಚಿತ್ರಗಳಿರುವ ದಪ್ಪ ಕಬ್ಬಿಣದ ತಗಡುಗಳಿರುತ್ತವೆ. ಬಿವಾ ಸರೋವರದ ದಂಡೆಯ ಹಿಕೋನೆಯ ಮಿಜುಯಾಗಳಲ್ಲಿ ಸರಿಸುವ ಬಾಗಿಲು, ಗಾಳಿಯಾಡುವ ಜಾಲಂಧ್ರ, ಅಚ್ಚುಕಟ್ಟಾದ ಚೌಕಟ್ಟು. ನನಗೆ ಕೇಳಿದರೆ ಮೊದಲ ಬಾರಿ ಕೊಳ್ಳುವವರು ಮಿಜುಯಾದಿಂದ ಶುರುಮಾಡಲಿ. ಈಗಲೂ ತಟ್ಟೆ, ಲೋಟ, ಪುಸ್ತಕ ಇಟ್ಟು ದಿನವೂ ಬಳಸಬಹುದಾದ ವಸ್ತು ಅದು.

ಚಕ್ರಗಳಿರುವ ಬೀರು ಇತ್ತಂತೆ, ನಿಜವೇ?

ನಿಜ. 1657ರ ಮೇರೆಕಿ ಬೆಂಕಿಯಲ್ಲಿ ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ಬಹುಪಾಲು ಸುಟ್ಟುಹೋಯಿತು. ಜನ ಚಕ್ರದ ಪೆಟ್ಟಿಗೆಗಳನ್ನು ಬೀದಿಗೆ ಎಳೆದು ತಂದಾಗ ದಾರಿ ಕಟ್ಟಿಹೋಗಿ ಸಾವು ಹೆಚ್ಚಿತು. 1683ರಲ್ಲಿ ಎದೋ, ಕ್ಯೋಟೋ, ಒಸಾಕಾ ಮೂರೂ ನಗರಗಳಲ್ಲಿ ಅವುಗಳನ್ನು ನಿಷೇಧಿಸಲಾಯಿತು. ಬೇರೆ ಊರುಗಳಲ್ಲಿ ಚಕ್ರದ ಬೀರುಗಳು ಉಳಿದವು. ಇಂದು ಸಿಗುವವು ಬಹುತೇಕ ಆ ಊರುಗಳ ನಂತರದ ಕಾಲದವು.

ಎಷ್ಟು ವರ್ಷವಾದರೆ ಪುರಾತನ ಎನ್ನಬಹುದು?

ಮಾರುಕಟ್ಟೆಯ ಮತ್ತು ಕಸ್ಟಮ್ಸ್‌ನ ಲೆಕ್ಕದಲ್ಲಿ ನೂರು ವರ್ಷ. ನೀವು ನೋಡುವ ತನ್ಸುಗಳಲ್ಲಿ ಹೆಚ್ಚಿನವು ಮೇಜಿ (1868–1912) ಮತ್ತು ತೈಶೋ (1912–1926) ಕಾಲದವು. ಎದೋ ಕಾಲದ್ದು (1603–1868) ಎಂದು ಹೇಳಿದವರ ಬಳಿ ಕಾರಣ ಕೇಳಿ. ಸಾಮಾನ್ಯ ಜನ ಏನು ಕಟ್ಟಿಸಬಹುದು, ಏನು ಉಡಬಹುದು ಎಂಬುದಕ್ಕೆ ಎದೋ ಆಡಳಿತದಲ್ಲಿ ಕಟ್ಟುಪಾಡುಗಳಿದ್ದವು. ಅವು ಹೋದ ಮೇಲೆ ಮೇಜಿ ಕಾಲದಲ್ಲಿ ರೈತರೂ ಸಣ್ಣ ವ್ಯಾಪಾರಿಗಳೂ ದೊಡ್ಡ ಬೀರು ಮಾಡಿಸಿಕೊಂಡರು. ಒಳ್ಳೆಯ ಕೆಲಸ ಆಗ ಹೇರಳವಾಗಿ ನಡೆಯಿತು. ಮೇಜಿ ಎಂದರೆ ಎರಡನೇ ದರ್ಜೆ ಎಂಬ ಭಾವನೆ ಬೇಡ.

ಕಾಲವನ್ನು ಗುರುತಿಸುವುದು ಹೇಗೆ?

ಎದುರಿನಿಂದ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲ ಡ್ರಾಯರ್‌ಗಳನ್ನೂ ಹೊರತೆಗೆದು ನೆಲದ ಮೇಲೆ ಸಾಲಾಗಿ ಇಡಿ. ಬೀರುವನ್ನು ತಿರುಗಿಸಿ ಹಿಂಬದಿ ಮತ್ತು ತಳ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಹೊರಡುವುದೇ ಸರಿ.

ಮೊಳೆ ಮೊದಲ ಸಾಕ್ಷಿ. ಕಮ್ಮಾರ ಬಡಿದು ಮಾಡಿದ ಹಳೆಯ ಜಪಾನಿ ಮೊಳೆ ಚೌಕಾಕಾರ. ಗುಂಡು ತಂತಿಯ ಮೊಳೆ ಮೇಜಿ ಕಾಲದಲ್ಲಿ ಪಶ್ಚಿಮದಿಂದ ಬಂದು ಹರಡಿತು. ಡ್ರಾಯರ್‌ಗಳಲ್ಲಿ ಮರದ ಮೊಳೆಗಳೂ ಇರುತ್ತವೆ. ಉತ್ಸುಗಿ ಎಂಬ ಪೊದೆಯ ಗಟ್ಟಿ ಮರದಿಂದ ಅವನ್ನು ಮಾಡಿ, ಅಕ್ಕಿ ತೌಡಿನೊಂದಿಗೆ ಹುರಿದು ಬಳಸುತ್ತಿದ್ದರು. ಒಂದೆರಡು ಗುಂಡು ಮೊಳೆ ಸಿಕ್ಕಿದರೆ ದುರಸ್ತಿಯಾಗಿರಬಹುದು. ಮೂಲ ಜೋಡಣೆಯೆಲ್ಲ ಗುಂಡು ಮೊಳೆಯಲ್ಲೇ ನಿಂತಿದ್ದರೆ ಎದೋ ಕಾಲದ ಮಾತನ್ನು ಬಿಟ್ಟುಬಿಡಿ.

ಆಮೇಲೆ ಕಬ್ಬಿಣ. ಕೈಯಲ್ಲಿ ಬಡಿದ ತಗಡಿನ ದಪ್ಪ ಬೆರಳಿಗೆ ಏರುಪೇರಾಗಿ ಸಿಗುತ್ತದೆ. ಮೇಜಿಯ ಕೊನೆಯ ಹೊತ್ತಿಗೆ ಕಾರ್ಖಾನೆಯ ಸಮದಪ್ಪದ ತೆಳು ತಗಡು ಬಂತು, ಅದರ ಮೇಲೆ ಅಲಂಕಾರ ಹೆಚ್ಚಿತು. ಹಿಡಿಯ ಸುತ್ತ ಹಳೆಯ ರಂಧ್ರ ಅಥವಾ ಬೇರೆ ಆಕಾರದ ನೆರಳುಗುರುತು ಇದ್ದರೆ ಹಿಡಿ ಬದಲಾಗಿದೆ ಎಂದರ್ಥ. ಬೀಗದ ಕಿಂಡಿ ಮತ್ತು ಬೀಗ ಒಂದಕ್ಕೊಂದು ಕೂಡದಿದ್ದರೂ ಅದೇ ಮಾತು.

ಸವೆತ ಎಲ್ಲಿರಬೇಕೋ ಅಲ್ಲಿದೆಯೇ ನೋಡಿ. ದಿನವೂ ಎಳೆದ ಡ್ರಾಯರ್‌ನ ತಳದ ಅಂಚು ಸವೆದಿರಬೇಕು, ಹಿಡಿ ಬಂದು ಬಡಿಯುವ ಜಾಗದಲ್ಲಿ ಚಂದ್ರಾಕಾರದ ಗುಳಿ ಬಿದ್ದಿರಬೇಕು. ಯಾರೂ ಮುಟ್ಟದ ಒಳಮೂಲೆಯಲ್ಲಿ ಸವೆತವಿದ್ದು ಎಳೆಯುವ ಅಂಚು ಚೂಪಾಗಿದ್ದರೆ ಅನುಮಾನಿಸಿ.

ಕೆಲವು ಬೀರುಗಳು ತಮ್ಮ ಜನ್ಮಪತ್ರವನ್ನು ತಾವೇ ಹೊತ್ತಿರುತ್ತವೆ. ಡ್ರಾಯರ್‌ನ ಹಿಂಬದಿ ಅಥವಾ ತಳದಲ್ಲಿ ಕುಂಚದಿಂದ ಬರೆದ ವರ್ಷ, ಊರು, ಮಾಡಿಸಿದವರ ಹೆಸರು ಸಿಗುತ್ತದೆ. ಮೇಜಿ 23 ಎಂದಿದ್ದರೆ 1890. ಒಳಗೆ ಅಂಟಿಸಿದ ಹಳೆಯ ಲೆಕ್ಕಪತ್ರ, ಪತ್ರಿಕೆಯ ಚೂರುಗಳನ್ನೂ ಕೀಳಬೇಡಿ. ಕೆಲವರು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಇದನ್ನೆಲ್ಲ ಉಜ್ಜಿ ತೆಗೆಯುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಬರಹ ಮತ್ತೆ ಬರುವುದಿಲ್ಲ.

ಹಡಗಿನ ಪೆಟ್ಟಿಗೆ ಏಕೆ ಅಷ್ಟು ದುಬಾರಿ?

ಒಸಾಕಾದಿಂದ ಹೊರಟು ಒಳನಾಡಿನ ಸೆತೋ ಸಮುದ್ರ ದಾಟಿ, ಜಪಾನ್ ಸಮುದ್ರದ ದಂಡೆಗುಂಟ ಹೊಕ್ಕಾಯ್ದೋವರೆಗೆ ಹೋಗುತ್ತಿದ್ದ ಸರಕು ಹಡಗುಗಳಿಗೆ ಕಿತಾಮಾಯೆಬುನೆ ಎಂದು ಹೆಸರು. ಅಕ್ಕಿ ಮತ್ತು ಸಾಕೆ ಎಂಬ ಅಕ್ಕಿಯ ಮದ್ಯ ಹೊತ್ತು ಹೋಗಿ, ಕೊಂಬು ಎಂಬ ಸಮುದ್ರಕಳೆಯನ್ನೂ ಹೊಲಕ್ಕೆ ಹಾಕುವ ಹೆರಿಂಗ್ ಮೀನಿನ ಗೊಬ್ಬರವನ್ನೂ ತರುತ್ತಿದ್ದವು. ಬಂದರು ಬಂದರಿನಲ್ಲಿ ಕೊಂಡು ಮಾರುತ್ತಿದ್ದ ಹಡಗಿನ ಯಜಮಾನನಿಗೆ ಹಣ, ಪರವಾನಗಿ ಪತ್ರ, ಮೊಹರು ಇಡಲು ಗಟ್ಟಿ ಪೆಟ್ಟಿಗೆ ಬೇಕಿತ್ತು. ಅದು ಅವನ ಖಜಾನೆಯೂ ಹೌದು, ಬಂದರಿನಲ್ಲಿ ತೋರಿಸುವ ಅಂತಸ್ತೂ ಹೌದು. ಸಾದೋ ದ್ವೀಪದ ಒಗಿ, ಎಚಿಜೆನ್‌ನ ಮಿಕುನಿ, ಉತ್ತರದ ಸಕಾತಾ ಈ ಪೆಟ್ಟಿಗೆಗಳಿಗೆ ಹೆಸರಾದ ಮೂರು ಊರುಗಳು.

ಹೊರಗೆ ಕೆಯಾಕಿ, ಅದರ ಮೇಲೆ ದಪ್ಪ ಕಬ್ಬಿಣ, ಒಳಗೆ ಕಿರಿ ಮರದ ಪೆಟ್ಟಿಗೆಗಳು. ಒಂದು ಹಲಗೆ ಸರಿಸಿದರೆ ಮಾತ್ರ ಕಾಣುವ ಗುಪ್ತಖಾನೆ, ಅದರೊಳಗೆ ಇನ್ನೊಂದು. ಹೊರಗಿನ ಬಿಗಿ ಮತ್ತು ಒಳಗಿನ ನವಿರು ಎರಡೂ ಒಂದೇ ಕೈಚಳಕದಲ್ಲಿ ಕೂಡಿರುವ ಇಂಥ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ರೈಲು ಮತ್ತು ತಂತಿ ಸಂಪರ್ಕ ಬಂದ ಮೇಲೆ ಆ ವ್ಯಾಪಾರ ನಿಂತಿತು, ಪೆಟ್ಟಿಗೆ ಮಾಡುವುದೂ ನಿಂತಿತು. ಆದ್ದರಿಂದ ಸಂಖ್ಯೆ ಕಡಿಮೆ, ಬೆಲೆ ಹೆಚ್ಚು, ನಕಲು ಬಹಳ. ಇಲ್ಲಿ ಮಾತ್ರ ಒಬ್ಬ ಪರಿಣತರ ಲಿಖಿತ ಅಭಿಪ್ರಾಯವಿಲ್ಲದೆ ಹಣ ಕೊಡಬೇಡಿ. ಎದುರಿನ ಮೇಲರ್ಧ ಮಾತ್ರ ಕೆಳಗೆ ಬಾಗಿ ತೆರೆಯುವ ಕೊರಿಯಾದ ಬಂದಾಜಿ ಪೆಟ್ಟಿಗೆಯನ್ನು ಜಪಾನಿನದೆಂದು ಮಾರುವುದೂ ಉಂಟು. ಅದು ತನ್ನಷ್ಟಕ್ಕೆ ಚೆಲುವಾದ ವಸ್ತುವೇ, ಅದರ ಹೆಸರಿನಲ್ಲೇ ಕೊಳ್ಳಿ.

ಮೆಟ್ಟಿಲು ಬೀರು ಕೊಳ್ಳಬಹುದೇ?

ಕೊಳ್ಳಿ, ಆದರೆ ಹತ್ತಲು ಬಳಸಬೇಡಿ. ಅವು ತುಂಬ ಕಡಿದು. ಅಲಂಕಾರಕ್ಕೆಂದೇ ಹೊಸದಾಗಿ ಮಾಡಿದವು ಮಾರುಕಟ್ಟೆಯಲ್ಲಿ ತುಂಬಿವೆ. ಹಳೆಯದರಲ್ಲಿ ಮೆಟ್ಟಿಲಿನ ನಡುಭಾಗ ಕಾಲ್ತುಳಿತದಿಂದ ಸವೆದಿರುತ್ತದೆ, ಗೋಡೆಗೆ ಒರಗುತ್ತಿದ್ದ ಹಿಂಬದಿ ಒರಟಾಗಿರುತ್ತದೆ.

ಹಳೆಯ ಬೀರುವನ್ನು ಉಜ್ಜಿ ಪಾಲಿಶ್ ಮಾಡಿಸಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉರುಶಿ ಲೇಪವಿರುವ ಕೆಯಾಕಿ ಬೀರುವಿಗೆ ನನ್ನ ಉತ್ತರ ಖಂಡಿತವಾಗಿ ಬೇಡ. ಉಪ್ಪುಕಾಗದ ಹಾಕಿದ ದಿನವೇ ಆ ಲೇಪ, ನೂರು ವರ್ಷ ಕೈಯಾಡಿದ ಹೊಳಪು, ಬೆಲೆ ಮೂರೂ ಹೋಗುತ್ತವೆ. ಅದರ ಮೇಲೆ ಪಾಲಿಯುರೆಥೇನ್ ಬಳಿದರೆ ಸರಿಪಡಿಸುವ ದಾರಿಯೂ ಮುಚ್ಚುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ತೆಗೆಯಿರಿ. ಜಿಡ್ಡಿದ್ದರೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿ. ಕಬ್ಬಿಣದ ಮೇಲಿನ ಕಪ್ಪು ಲೇಪವನ್ನು ತುಕ್ಕೆಂದು ತಿಳಿದು ಕೆರೆಯಬೇಡಿ.

ಕಿರಿ ಬೀರುವಿನ ಮಾತು ಬೇರೆ, ಇಲ್ಲಿ ಹಟ ಹಿಡಿಯಬಾರದು. ಮೇಲ್ಮೈಯನ್ನು ತೆಳುವಾಗಿ ಉಜ್ಜುಗೊರಡು ಹಾಕಿ ತೆಗೆದು, ಬಿರುಕಿಗೆ ಕಿರಿಯದೇ ಚೂರು ಕೂಡಿಸಿ, ತೋನೋಕೋ ಎಂಬ ನುಣ್ಣನೆಯ ಮಣ್ಣಿನ ಪುಡಿ ಮತ್ತು ಯಾಶಾಬುಶಿ ಕಾಯಿಯ ಕಷಾಯ ಬಳಿದು ಹೊಸದರಂತೆ ಮಾಡುವುದು ಜಪಾನಿನಲ್ಲೇ ಬಂದ ಪದ್ಧತಿ. ಅಜ್ಜಿಯ ಬೀರುವನ್ನು ಹೀಗೆ ಮಾಡಿಸಿ ಮೊಮ್ಮಗಳಿಗೆ ಕೊಡುತ್ತಾರೆ. ನಿಗಾತಾದ ಕಾಮೋ, ಸೈತಾಮಾದ ಕಾಸುಕಾಬೆ ಕಿರಿ ಕೆಲಸಕ್ಕೆ ಹೆಸರಾದ ಊರುಗಳು. ಈ ಕೆಲಸ ಅಲ್ಲಿನ ಬಡಗಿಗಳಿಂದಲೇ ಆಗಬೇಕು. ಕಿರಿ ಎಷ್ಟು ಮೆತ್ತಗೆಂದರೆ ಉಗುರು ಒತ್ತಿದರೂ ಗುರುತು ಬೀಳುತ್ತದೆ. ತೇಗ, ಬೀಟೆಯಲ್ಲಿ ಪಳಗಿದ ಕೈಗೆ ಅದು ಒಲಿಯುವುದು ಕಷ್ಟ.

ಉರುಶಿಯಿಂದ ಚರ್ಮಕ್ಕೆ ತೊಂದರೆಯೇ?

ಉರುಶಿ ಒಂದು ಮರದ ಹಾಲು. ಆ ಮರ ಮಾವು, ಗೇರು, ನಮ್ಮ ಮಲೆನಾಡಿನ ಚೇರು ಇರುವ ಕುಟುಂಬದ್ದೇ. ಚೇರಿನ ಸೊನೆ ತಾಗಿ ಮೈ ಬಾತವರಿಗೆ ಹಸಿ ಉರುಶಿ ಏನು ಮಾಡಬಲ್ಲದೆಂದು ವಿವರಿಸಬೇಕಿಲ್ಲ. ಪೂರ್ತಿ ಗಟ್ಟಿಯಾದ ಲೇಪ ನಿರಪಾಯ, ಅದರಲ್ಲಿ ಊಟ ಮಾಡುತ್ತಾರೆ. ಚನ್ನಪಟ್ಟಣದ ಬೊಂಬೆಯ ಅರಗು ಕೀಟದಿಂದ ಬರುವುದು. ಎರಡಕ್ಕೂ ಸಂಬಂಧವಿಲ್ಲ, ಆದ್ದರಿಂದ ಅರಗಿನಿಂದ ಉರುಶಿಯ ದುರಸ್ತಿ ಮಾಡಿಸಬೇಡಿ.

ಬೆಂಗಳೂರು, ಮಂಗಳೂರಿನ ಹವೆಗೆ ಇವು ತಾಳುತ್ತವೆಯೇ?

ಜಪಾನಿನ ಬೇಸಿಗೆ ನಮ್ಮ ಕರಾವಳಿಯಷ್ಟೇ ಜಿಗುಟಾದದ್ದು. ಉರುಶಿ ಗಟ್ಟಿಯಾಗುವುದೇ ತೇವದ ಗಾಳಿಯಲ್ಲಿ. ಅದಕ್ಕೆ ಶತ್ರುಗಳು ನೇರ ಬಿಸಿಲು ಮತ್ತು ಹಗಲಿರುಳು ಓಡುವ ಎಸಿಯ ಒಣಗಾಳಿ. ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಕಿಟಕಿಯ ಎದುರು ಬೇಡ. ಕರಾವಳಿಯಲ್ಲಿ ಕಬ್ಬಿಣಕ್ಕೆ ಉಪ್ಪುಗಾಳಿಯ ತೊಂದರೆಯಿದೆ, ಒಣ ಬಟ್ಟೆಯಿಂದ ಒರೆಸುತ್ತಿರಬೇಕು. ಕುಟ್ಟೆ ಹುಳುವಿನ ಹಳೆಯ ತೂತುಗಳಿಗೆ ಹೆದರಬೇಡಿ. ತೂತಿನ ಕೆಳಗೆ ಹೊಸ ಹಿಟ್ಟು ಬೀಳುತ್ತಿದ್ದರೆ ಮಾತ್ರ ಬೀರುವನ್ನು ಬೇರೆ ಕೋಣೆಗೆ ಸಾಗಿಸಿ ಧೂಮೋಪಚಾರ ಮಾಡಿಸಿ. ಗೆದ್ದಲಿರುವ ಮನೆಯಾದರೆ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಇಡಿ.

ಪಿಂಗಾಣಿಯ ತಳದಲ್ಲಿ ಚೀನೀ ಬರಹವಿದೆ. ಅದು ಜಪಾನಿನದು ಹೇಗಾಗುತ್ತದೆ?

ಕ್ಯೂಶೂವಿನ ಅರಿತಾದಲ್ಲಿ 17ನೇ ಶತಮಾನದ ಆರಂಭದಲ್ಲಿ ಪಿಂಗಾಣಿ ಕೆಲಸ ಶುರುವಾಯಿತು. ಹತ್ತಿರದ ಇಮಾರಿ ಬಂದರಿನಿಂದ ಸಾಗುತ್ತಿದ್ದ ಕಾರಣ ಇಮಾರಿ ಎಂದೇ ಹೆಸರಾಯಿತು. ಚೀನಾದಲ್ಲಿ ಮಿಂಗ್ ವಂಶ ಕುಸಿದು ರಫ್ತು ಕೆಟ್ಟಾಗ, 1650ರ ದಶಕದಿಂದ ಡಚ್ಚರು ನಾಗಾಸಾಕಿಯಿಂದ ಇದನ್ನು ಯುರೋಪಿಗೆ ಒಯ್ದರು. ಚೀನೀ ಮಾಲಿಗೆ ಗೌರವವಿದ್ದ ಕಾಲವಾದ್ದರಿಂದ ಮಿಂಗ್ ದೊರೆ ಚೆಂಗ್‌ಹ್ವಾ ಆಳ್ವಿಕೆಯ ಮುದ್ರೆಯನ್ನು ಅರಿತಾದವರೂ ಬರೆದರು. ಹಾಗಾಗಿ ತಳದ ಬರಹ ಕಾಲವನ್ನು ಹೇಳುವುದಿಲ್ಲ. ಸುಡುವಾಗ ಆಧಾರಕ್ಕಿಟ್ಟ ಮೊನೆಗಳ ಸಣ್ಣ ಗುರುತುಗಳು ತಟ್ಟೆಯ ತಳದಲ್ಲಿದ್ದರೆ ಅರಿತಾದತ್ತ ಬೆರಳು ತೋರುತ್ತವೆ.

ರೋಮನ್ ಅಕ್ಷರಗಳು ಹೆಚ್ಚು ಸಹಾಯಕ. ಅಮೆರಿಕದ 1890ರ ಸುಂಕ ಕಾಯ್ದೆಯಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಆಗ 'ನಿಪ್ಪೋನ್' ಎಂದು ಬರೆದರು, 1921ರಿಂದ 'ಜಪಾನ್' ಎಂದು. 'ಆಕ್ಯುಪೈಡ್ ಜಪಾನ್' ಎಂದಿದ್ದರೆ ಅದು ಎರಡನೇ ಮಹಾಯುದ್ಧದ ನಂತರ, 1952ಕ್ಕಿಂತ ಮೊದಲಿನದು. ಸಾತ್ಸುಮಾ ಎಂಬ ಹೆಸರಿನ ಚಿನ್ನದ ಅಲಂಕಾರದ ಹೂದಾನಿಗಳಲ್ಲಿ ಬಹುಪಾಲು ರಫ್ತಿಗೆಂದು ಅವಸರದಲ್ಲಿ ಮಾಡಿದವು. ಭೂತಗನ್ನಡಿ ಹಿಡಿದರೆ ಚಿತ್ರದ ಮುಖಗಳೇ ಗುಣಮಟ್ಟ ಹೇಳುತ್ತವೆ. ಕಡಿಮೆ ಹಣವಿದ್ದವರಿಗೆ ಮೇಜಿ ಕಾಲದ ಅಚ್ಚೊತ್ತಿದ ನೀಲಿ-ಬಿಳಿ ತಟ್ಟೆಗಳನ್ನು ಶಿಫಾರಸು ಮಾಡುತ್ತೇನೆ. ಅಚ್ಚಿನ ಹಾಳೆಗಳು ಕೂಡುವಲ್ಲಿ ವಿನ್ಯಾಸ ತುಸು ತಪ್ಪಿರುವುದು ಅವುಗಳ ಗುರುತು.

ವಸ್ತುವಿನ ಜೊತೆಗೆ ಬಂದ ಹಳೆಯ ಮರದ ಡಬ್ಬಿ ಬೇಕೇ?

ಬೇಕೇ ಬೇಕು. ತೊಮೊಬಾಕೋ ಎಂಬ ಈ ಡಬ್ಬಿಯ ಮುಚ್ಚಳದ ಮೇಲೆ ಕಲಾವಿದರೇ ಹೆಸರು ಬರೆದು ಮುದ್ರೆ ಒತ್ತಿರುತ್ತಾರೆ. ಡಬ್ಬಿ ಕಳೆದರೆ ಬೆಲೆ ಇಳಿಯುತ್ತದೆ. ಬೇರೆ ವಸ್ತುವಿನ ಡಬ್ಬಿ ಕೂಡಿಸಿ ಮಾರುವವರೂ ಇರುವುದರಿಂದ ಒಳಗಿನ ಅಳತೆ ಹೊಂದುತ್ತದೆಯೇ ನೋಡಿ.

ಕಬ್ಬಿಣದ ಹಳೆಯ ಕೆಟಲ್ ಒಳಗೆ ತುಕ್ಕಿದೆ. ಬಿಸಾಡಬೇಕೇ?

ಖಂಡಿತ ಬೇಡ. ನೀರು ಕಾಯಿಸಿ ನೋಡಿ. ನೀರು ತಿಳಿಯಾಗಿದ್ದರೆ ಹಾಗೇ ಬಳಸಿ. ಕೆಂಪಾದರೆ ಹಸಿರು ಚಹಾದ ಎಲೆ ಹಾಕಿ ಹಲವು ಸಲ ಕುದಿಸಿ. ಚಹಾದ ಒಗರು ತುಕ್ಕಿನೊಂದಿಗೆ ಕೂಡಿ ಕಪ್ಪು ಪದರವಾಗುತ್ತದೆ. ಒಳಗೆ ಉಜ್ಜಬಾರದು, ಸೋಪು ಹಾಕಬಾರದು, ಬಳಸಿದ ಮೇಲೆ ನೀರು ಬಿಡಬಾರದು. ಒಳಗೆ ಎನಾಮೆಲ್ ಇರುವ ಚಿಕ್ಕ ಪಾತ್ರೆಗಳು ಹೊಸ ಕಾಲದ ಚಹಾ ಪಾತ್ರೆಗಳು, ಅವನ್ನು ಒಲೆಯ ಮೇಲೆ ಇಡುವಂತಿಲ್ಲ.

ಜಪಾನಿನಲ್ಲಿ ಎಲ್ಲಿ ಕೊಳ್ಳುವುದು?

ಕ್ಯೋಟೋದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೋ ತೆನ್ಮಾಂಗುವಿನಲ್ಲಿ 25ರಂದು ಸಂತೆ ಸೇರುತ್ತದೆ. ಟೋಕಿಯೋದ ಸೆತಾಗಾಯಾ ಬೊರೋಯಿಚಿ ಡಿಸೆಂಬರ್ ಮತ್ತು ಜನವರಿಯ 15, 16ರಂದು. ಬೆಳಿಗ್ಗೆ ಬೇಗ ಹೋಗಿ, ನಗದು ಒಯ್ಯಿರಿ, ಸಭ್ಯವಾಗಿ ಒಮ್ಮೆ ಚೌಕಾಸಿ ಮಾಡಿ. ಸಂತೆಯಲ್ಲಿ ಸಣ್ಣ ವಸ್ತು ಕೊಳ್ಳಿ, ಬೀರು ಬೇಕಾದರೆ ಅಂಗಡಿಗೆ ಹೋಗಿ. ಹಳೆಯ ಸಾಮಾನು ವ್ಯಾಪಾರಕ್ಕೆ ಅಲ್ಲಿ 1949ರ ಕಾಯ್ದೆಯಡಿ ಕೊಬುತ್ಸುಶೋ ಪರವಾನಗಿ ಬೇಕು, ಪೊಲೀಸ್ ಠಾಣೆಯ ಮೂಲಕ ಸಿಗುತ್ತದೆ. ವ್ಯಾಪಾರಿಗಳು ತಮ್ಮೊಳಗೆ ನಡೆಸುವ ಹರಾಜಿಗೂ ಪರವಾನಗಿ ಇದ್ದವರಿಗೇ ಪ್ರವೇಶ.

ಇದು ಹೂಡಿಕೆಯೇ?

ಹಾಗೆಂದು ಕೊಳ್ಳಬೇಡಿ. ಜಪಾನಿನ ಇಂದಿನ ಮನೆಗಳಲ್ಲಿ ಗೋಡೆಯೊಳಗಿನ ಕಪಾಟುಗಳಿವೆ, ದಿನವೂ ಕಿಮೋನೋ ಉಡುವವರು ಕಡಿಮೆ. ಹಿರಿಯರು ತೀರಿಕೊಂಡ ಮನೆಗಳಿಂದ ಕಿರಿ ಬೀರುಗಳು ಕಸಕ್ಕೆ ಹೋಗುತ್ತಿವೆ. ಆದ್ದರಿಂದ ಸಾಧಾರಣ ಬೀರುವಿನ ಬೆಲೆಗಿಂತ ಅದನ್ನು ಹಡಗಿನಲ್ಲಿ ತರಿಸುವ ಖರ್ಚೇ ಹೆಚ್ಚಾಗಬಹುದು. ಉತ್ತಮ ಫುನಾ-ದನ್ಸು, ಒಳ್ಳೆಯ ಸೆಂದಾಯ್ ಬೀರು, ಹೆಸರಾಂತ ಕುಶಲಕರ್ಮಿಗಳ ಮೇಜಿ ಲೋಹಕೆಲಸ ಬೆಲೆ ಉಳಿಸಿಕೊಂಡಿವೆ. ಉಳಿದದ್ದನ್ನು ಬಳಸುವುದಕ್ಕೆಂದು ಕೊಳ್ಳಿ.

ನನ್ನ ಬಳಿ ಇರುವುದನ್ನು ಮಾರಬೇಕು. ಹೇಗೆ?

ಸ್ವಚ್ಛಗೊಳಿಸುವ ಮುಂಚೆ ಫೋಟೋ ತೆಗೆಯಿರಿ: ಎದುರು, ಹಿಂಬದಿ, ತಳ, ಹೊರತೆಗೆದ ಒಂದು ಡ್ರಾಯರ್‌ನ ಪಕ್ಕ, ಬೀಗ, ಪ್ರತಿ ಬರಹ, ಪ್ರತಿ ಬಿರುಕು. ಬದಲಾದ ಹಿಡಿ, ಹೊಸ ಹಿಂಬದಿ, ಸೇರಿಸಿದ ಕಾಲು ಯಾವುದನ್ನೂ ಮುಚ್ಚಿಡದೆ ಬರೆಯಿರಿ. ಕಾಲ ಖಚಿತವಿಲ್ಲದಿದ್ದರೆ 'ಮೇಜಿಯ ಕೊನೆ ಅಥವಾ ತೈಶೋ' ಎನ್ನಿ. ಹೀಗೆ ಬರೆದರೆ ಗಿರಾಕಿ ಓಡಿಹೋಗುತ್ತಾರೆಂಬ ಭಯ ಬೇಡ, ಬಲ್ಲ ಗಿರಾಕಿ ನಂಬುವುದು ಅಂಥ ಬರಹವನ್ನೇ. ಎರಡು ಭಾಗಗಳ ಬೀರುವನ್ನು ಬಿಡಿಬಿಡಿಯಾಗಿ ಮಾರಿ ಒಡೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾನೂನು ಏನು ಹೇಳುತ್ತದೆ?

ಜಪಾನಿನ 1950ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯ್ದೆಯಂತೆ ರಾಷ್ಟ್ರೀಯ ನಿಧಿ, ಮಹತ್ವದ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿದ್ದು ಹೊರಹೋಗುವಂತಿಲ್ಲ. ಮನೆಬಳಕೆಯ ತನ್ಸುಗಳಿಗೆ ಸಾಮಾನ್ಯವಾಗಿ ಆ ಅಡ್ಡಿಯಿಲ್ಲ.

ಕಸ್ಟಮ್ಸ್ ಪಟ್ಟಿಯಲ್ಲಿ ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಅದಕ್ಕೆ ವಯಸ್ಸಿನ ಪುರಾವೆ ಬೇಕು. ನೂರು ತುಂಬದ್ದು ಬಳಸಿದ ಸಾಮಾನಿನ ಲೆಕ್ಕಕ್ಕೆ ಬರುತ್ತದೆ, ಅದರ ನಿಯಮ ಬೇರೆ. ತರಿಸುವ ಮುಂಚೆಯೇ ಕಸ್ಟಮ್ಸ್ ಏಜೆಂಟರನ್ನು ಕೇಳಿ. ಭಾರತದ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ವ್ಯಾಖ್ಯೆಯೂ ನೂರು ವರ್ಷವನ್ನೇ ಹಿಡಿಯುತ್ತದೆ. ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ. ಆದ್ದರಿಂದ ಜಪಾನಿನಿಂದ ಬಂದ ರಸೀದಿ, ಹಡಗು ಪತ್ರ, ಸುಂಕದ ಚೀಟಿ ಎಲ್ಲವನ್ನೂ ವಸ್ತುವಿನ ಜೊತೆಗೇ ಇಡಿ. ಮತ್ತೆ ಹೊರದೇಶಕ್ಕೆ ಒಯ್ಯಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯನ್ನು ಲಿಖಿತವಾಗಿ ಕೇಳಿ.

ಕೊಳ್ಳುವ ಮುಂಚೆ ನೋಡಿ ಕಲಿಯುವುದೆಲ್ಲಿ?

ಕ್ಯೋಟೋದ ಸನ್ನೆನ್ಜಾಕಾ ಬೀದಿಯಲ್ಲಿ ಮೇಜಿ ಕಾಲದ ಲೋಹ, ಎನಾಮೆಲ್, ಉರುಶಿ ಕೆಲಸಗಳಿಗೆ ಮೀಸಲಾದ ವಸ್ತುಸಂಗ್ರಹಾಲಯವಿದೆ. 1876ರಲ್ಲಿ ಕತ್ತಿ ಧರಿಸುವುದು ನಿಷೇಧವಾದ ಮೇಲೆ ಕತ್ತಿಯ ಹಿಡಿಗೆ ಅಲಂಕಾರ ಮಾಡುತ್ತಿದ್ದ ಕೈಗಳು ಹೂದಾನಿ, ಪಕ್ಷಿ, ಕೀಟಗಳ ಲೋಹಶಿಲ್ಪಕ್ಕೆ ತಿರುಗಿದ್ದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಬಳಕೆಯ ವಸ್ತುಗಳ ಚೆಲುವಿಗೆ ಟೋಕಿಯೋದ ನಿಹೋನ್ ಮಿಂಗೇಕಾನ್ ಎಂಬ ಜನಪದ ಕರಕುಶಲ ವಸ್ತುಸಂಗ್ರಹಾಲಯ ನೋಡಿ, ಯಾನಾಗಿ ಸೊಯೆತ್ಸು 1936ರಲ್ಲಿ ತೆರೆದದ್ದು. ನಮಗೆ ಹತ್ತಿರವೆಂದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಅಲ್ಲಿ ಜಪಾನಿನ ವಸ್ತುಗಳದೇ ವಿಭಾಗವಿದೆ.

ಆನೆದಂತದ ನೆತ್ಸುಕೆ (ಕಿಮೋನೋದ ಸೊಂಟಪಟ್ಟಿಗೆ ಸಿಕ್ಕಿಸುವ ಚಿಕ್ಕ ಕೆತ್ತನೆ), ಆಮೆಚಿಪ್ಪಿನ ಬಾಚಣಿಗೆ, ಕತ್ತಿ ಮಾರುತ್ತೀರಾ?

ಇಲ್ಲ. ಭಾರತದಲ್ಲಿ ದಂತದ ವ್ಯಾಪಾರ ಪೂರ್ತಿ ನಿಷಿದ್ಧ, ಎಷ್ಟು ಹಳೆಯದಾದರೂ ವಿನಾಯಿತಿ ಇಲ್ಲ. ಮೈಸೂರಿನ ಬೀಟೆ ಕೆತ್ತನೆಯವರೂ ದಂತವನ್ನು ಬಿಟ್ಟು ಬೇರೆ ವಸ್ತು ಕೂಡಿಸಲು ಕಲಿತರು. ಆಮೆಚಿಪ್ಪಿಗೂ ಅಂತರರಾಷ್ಟ್ರೀಯ ನಿರ್ಬಂಧವಿದೆ. ಕತ್ತಿಗೆ ಜಪಾನಿನಲ್ಲಿ ನೋಂದಣಿ ಮತ್ತು ರಫ್ತು ಅನುಮತಿ ಬೇಕು, ಇಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ಬರುತ್ತದೆ. ಚಿಕ್ಕ ಕೆತ್ತನೆಯ ಮೇಲೆ ಆಸೆಯಿದ್ದರೆ ಬಾಕ್ಸ್‌ವುಡ್‌ನಲ್ಲಿ ಕೆತ್ತಿದ ನೆತ್ಸುಕೆಗಳನ್ನು ತರಿಸಿಕೊಡಬಲ್ಲೆ.